ಒರಳು ಸವೆದದ್ದು

ವಿಲ್ನಿಯಸ್ಸಿನಲ್ಲಿ ಜನವರಿ. ನೆರಿಸ್ ನದಿ
ದಡದಿಂದ ನಡುವಿಗೆ ಹೆಪ್ಪುಗಟ್ಟುತ್ತ ಬರುತ್ತದೆ,
ಅವಸರವಿಲ್ಲ ಅದಕ್ಕೆ.
ನೆಲಮಾಳಿಗೆಯ ಪ್ರಯೋಗಶಾಲೆಯಲ್ಲಿ ರಿಮ್‌ಗೌದಸ್
ಬೆಳಿಗ್ಗೆ ಏಳಕ್ಕೇ ಬಂದು ಕೂತಿದ್ದಾನೆ
ಅಂಗೈಯಗಲದ ಅಗೇಟಿನ ಒರಳ ಮುಂದೆ.

ಇಟ್ರಿಯಂ ಆಕ್ಸೈಡು ಬಿಳಿ. ಅಲ್ಯೂಮಿನಾ ಬಿಳಿ.
ಚಿಟಿಕೆ ಸೀರಿಯಂ, ನಸುಹಳದಿ.
ತೂಗಿ, ಸುರಿದು, ನಾಲ್ಕು ಹನಿ ಆಲ್ಕೋಹಾಲು ಬಿಟ್ಟು
ಅರೆಯುತ್ತಾನೆ. ಗಡಿಯಾರ ನೋಡುವುದಿಲ್ಲ,
ಸದ್ದು ಕೇಳುತ್ತಾನೆ.
ಮೊದಲು ಕರಕರ, ಆಮೇಲೆ ಸರಸರ,
ಕೊನೆಗೆ ಒರಳು ಉಸಿರು ಬಿಟ್ಟಷ್ಟೇ.
ಅದು ಹದ.

ಎಷ್ಟು ಅರೆದರೇನು?
ಕಣ್ಣಿಗೆ ಹಿಟ್ಟು; ಪರಮಾಣುವಿನ ಲೆಕ್ಕಕ್ಕೆ
ಒಂದೊಂದು ಕಣವೂ ಒಂದೊಂದು ಸೀಮೆ.
ಹತ್ತು ಸಾವಿರ ಮನೆ ದಾಟಿ
ಆಚೆಯವನು ಈಚೆ ಬರಬೇಕು, ಈಚೆಯವನು ಆಚೆ;
ಹೊಳೆಯಿಲ್ಲ, ಗಾಳಿಯಿಲ್ಲ, ಓಣಿಯಿಲ್ಲ,
ಬರಿಯ ಬೆಂಕಿಯ ತಳ್ಳಾಟ.
ಎರಡು ಕಣ ಮುಟ್ಟಿದಲ್ಲಿ ಹೊಸದೊಂದು ಹುಟ್ಟುತ್ತದೆ,
ಹುಟ್ಟಿದ್ದೇ ನಡುವೆ ಗೋಡೆಯಾಗುತ್ತದೆ.
ಇದನ್ನೊಮ್ಮೆ ಹೆಂಡತಿಗೆ ವಿವರಿಸಲು ಹೋಗಿದ್ದ.
‘ಗೊತ್ತು’ ಅಂದಿದ್ದಳು ಯಾದ್ವಿಗಾ, ರೈ ಬ್ರೆಡ್ಡು ಕೊಯ್ಯುತ್ತ.

ಅದಕ್ಕೇ ಮೂಸೆಗೆ ತುಂಬಿ ಸಾವಿರದ ಆರುನೂರು ಡಿಗ್ರಿ,
ಒಂದು ಹಗಲು, ಒಂದು ರಾತ್ರಿ.
ತೆಗೆ. ಒಡೆ. ಮತ್ತೆ ಅರೆ. ಮತ್ತೆ ಸುಡು.
ಮೂರನೆಯ ಸಲವೂ ಎಕ್ಸ್-ರೇ ಹಾಳೆಯಲ್ಲಿ
ಇಪ್ಪತ್ತೊಂಬತ್ತರ ಹತ್ತಿರ ಆ ಪುಟ್ಟ ಶಿಖರ:
ಕೂಡಲೊಲ್ಲದ ಇಟ್ರಿಯಾ,
ಮದುವೆ ಮನೆಯಲ್ಲಿ ಊಟ ಬಿಟ್ಟು ಕೂತ ನೆಂಟ.

ಪಕ್ಕದ ಮೇಜು ಉಗ್ನೆಯದು.
ಅವರ ಭಾಷೆಯಲ್ಲಿ ಆ ಹೆಸರಿಗೆ ಬೆಂಕಿಯೆಂದೇ ಅರ್ಥ,
ಆದರೆ ಹುಡುಗಿಗೆ ಸಣ್ಣ ಉರಿಯೇ ಸಾಕು.
ಅವಳು ಅರೆಯುವುದಿಲ್ಲ, ಕರಗಿಸುತ್ತಾಳೆ.
ಲವಣಗಳು ನೀರಿಗೆ, ಅದರ ಹಿಂದೆ
ದ್ರಾಕ್ಷಿಯಲ್ಲೂ ಹುಣಸೆಯಲ್ಲೂ ಇರುವ ಅದೇ ಹುಳಿ;
ಕಾಯಿಸುತ್ತ, ಕಾಯುತ್ತ,
ನೀರು ಆರಿ ಎಳೆಪಾಕ, ಆಮೇಲೆ ಗಟ್ಟಿಪಾಕ,
ಆಮೇಲೆ ಮುಟ್ಟಿದರೆ ನಡುಗುವ ತಿಳಿ ಜೆಲ್.
ದೂರ ಹೋಗಬೇಕಾದವರೇ ಇಲ್ಲ ಅಲ್ಲಿ,
ಎಲ್ಲರೂ ಆಗಲೇ ತೊಡೆಗೆ ತೊಡೆ ತಾಗಿಸಿ ಕೂತಿದ್ದಾರೆ.

‘ಸೂಪು’ ಅಂದ ರಿಮ್‌ಗೌದಸ್, ತಿರುಗದೆ.
ಅವತ್ತೇ ಅದು ಉಕ್ಕಿತು. ನೈಟ್ರೇಟು ಭುಸ್ಸೆಂದು
ಬೀಕರು ದಾಟಿ, ಒಲೆ ತುಂಬ ಕಂದು ನೊರೆ.
ಕಿಟಕಿ ತೆರೆದರು. ಮೈನಸ್ ಹದಿನೆಂಟರ ಗಾಳಿ ನುಗ್ಗಿತು.
ಇಬ್ಬರೂ ಕೋಟು ಹಾಕಿಕೊಂಡೇ ಚಹಾ ಕುಡಿದರು.
ಅವನು ನಗಲಿಲ್ಲ.
ನಗದೇ ಇದ್ದುದಕ್ಕೆ ಅವಳು ನಾಲ್ಕು ದಿನ ಕ್ಷಮಿಸಲಿಲ್ಲ.

ಫೆಬ್ರುವರಿಯ ಕೊನೆಗೆ
ಅವಳದು ಸಾವಿರ ಡಿಗ್ರಿಗೇ ಕೂಡಿತು,
ಹಾಳೆಯಲ್ಲಿ ಇರಬೇಕಾದ ಗೆರೆಗಳು, ಅಷ್ಟೇ.
ನೀಲಿ ದೀಪ ಹಿಡಿದಳು: ಪುಡಿ ಹಳದಿಯಾಗಿ ಉರಿಯಿತು,
ಹಳದಿಗೆ ನೀಲಿ ಬೆರೆತು ಗೋಡೆಯ ಮೇಲೆ
ಬೊಗಸೆಯಷ್ಟು ಹಗಲು.
ರಿಮ್‌ಗೌದಸ್ ತನ್ನದನ್ನೂ ತಂದು ಪಕ್ಕದಲ್ಲಿಟ್ಟ.
ಆ ಒಂದು ಶಿಖರದ ಕಳಂಕ ಹೊತ್ತೂ
ಅವನದೇ ಕೂದಲೆಳೆಯಷ್ಟು ಹೆಚ್ಚು ಹೊಳೆಯಿತು;
ದೊಡ್ಡ ಬೆಂಕಿ ದೊಡ್ಡ ಹರಳು ಕಟ್ಟುತ್ತದೆ.
ಯಾರೂ ಏನೂ ಹೇಳಲಿಲ್ಲ.

ಮರುದಿನ ಹೊಸ ಜೆಲ್ಲಿನ ಉಬ್ಬಿದ ಬೂದಿ ಹಿಡಿದು ಬಂದಳು.
‘ಇದನ್ನು ಪುಡಿ ಮಾಡಬೇಕು. ಒರಳು ಕೊಡ್ತೀರಾ?’
ಅವನು ಒರೆಸಿ, ದೀಪದ ಕೆಳಗೆ ವಾಲಿಸಿ ತೋರಿಸಿದ:
ತಳದಲ್ಲೊಂದು ಗುಳಿ, ಹೆಬ್ಬೆಟ್ಟು ಕೂರುವಷ್ಟು.
‘ಇಪ್ಪತ್ತೇಳು ವರ್ಷ. ಇಲ್ಲಿದ್ದ ಕಲ್ಲು ಎಲ್ಲಿ ಹೋಯಿತು, ಹೇಳು.’

ಕಪಾಟಿನಲ್ಲಿ ಸಾಲು ಸಾಲು ಶೀಶೆ,
ಪ್ರತಿಯೊಂದರ ಮೇಲೂ ಅವನ ಓರೆ ಅಕ್ಷರದಲ್ಲಿ
‘ಶುದ್ಧ’ ಎಂದು ಬರೆದಿತ್ತು.
ಅವಳು ಅದನ್ನೂ ನೋಡಿದಳು, ಗುಳಿಯನ್ನೂ ನೋಡಿದಳು.
ಒರಳನ್ನು ಎರಡೂ ಕೈಯಲ್ಲಿ ತೆಗೆದುಕೊಂಡು
ಅರೆಯತೊಡಗಿದಳು.

ಕರಕರ.

‘ಇನ್ನೂ’ ಅಂದ ಅವನು, ಕಣ್ಣು ಮುಚ್ಚಿ.